ಹಬೆಯ ಕೋಣೆಯ ಕಥೆ: ಬಟ್ಟೆ ಕಾರ್ಖಾನೆಗಳಲ್ಲಿ ಬಾಯ್ಲರ್ ಸುರಕ್ಷತೆ ಬೆಳೆದುಬಂದ ಬಗೆ

ಗಂಗಾವತಿ ತಾಲ್ಲೂಕಿನ ಸಾಣಾಪುರ, ಆನೆಗೊಂದಿಗಳ ಸುತ್ತ ಬಂಡೆಬೆಟ್ಟಗಳ ಸಂದಿನಲ್ಲೆಲ್ಲ ಭತ್ತದ ಗದ್ದೆಗಳು. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಲ್ಲಿ ಮೊದಲೇ ಇದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಬಿಡತೊಡಗಿದ ಮೇಲೆ ಎಡದಂಡೆ ಕಾಲುವೆಯೂ ಸೇರಿ ಈ ಸೀಮೆ ಭತ್ತದ ಕಣಜವೆನಿಸಿತು. ಇಲ್ಲಿಯ ಭತ್ತ ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಹೋಗುತ್ತದೆ. ಗಿರಣಿಯಲ್ಲಿ ಅಕ್ಕಿ ಒಂದು ಕಡೆ, ಹೊಟ್ಟು ಇನ್ನೊಂದು ಕಡೆ. ಆ ಹೊಟ್ಟನ್ನೇ ಉರಿಸಿ, ಬಾಯ್ಲರಿನಲ್ಲಿ ನೀರು ಕಾಯಿಸಿ, ಹಬೆ ಮಾಡಿ, ಆ ಹಬೆಯಿಂದ ಮುಂದಿನ ಭತ್ತವನ್ನು ಬೇಯಿಸುವುದೂ ಒಣಗಿಸುವುದೂ ನಡೆಯುತ್ತದೆ. ಹೊಳೆ ದಾಟಿ ಬಳ್ಳಾರಿಗೆ ಹೋದರೆ ಅಲ್ಲಿ ಜೀನ್ಸ್ ಹೊಲಿಯುವ ನೂರಾರು ಘಟಕಗಳು. ಹೊಲಿದ ಬಟ್ಟೆಯನ್ನು ಒಗೆದು, ಬಣ್ಣ ಇಳಿಸಿ, ಇಸ್ತ್ರಿ ಮಾಡಲು ಬಿಸಿನೀರು ಬೇಕು, ಹಬೆ ಬೇಕು. ಉಣ್ಣುವ ಅಕ್ಕಿಗೂ ಉಡುವ ಬಟ್ಟೆಗೂ ಹಿನ್ನೆಲೆಯಲ್ಲಿ ದುಡಿಯುವ ಸಾಧನ ಒಂದೇ.

ಬಾಯ್ಲರ್ ಎಂದರೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡದಡಿ ನೀರು ಕಾಯಿಸಿ, ಬಂದ ಹಬೆಯನ್ನು ಬೇರೆಡೆಗೆ ಒಯ್ದು ಬಳಸುವ ಸಲಕರಣೆ. ಕೇಳಲು ಸರಳ. ಆದರೆ ಇದನ್ನು ಅಪಾಯವಿಲ್ಲದೆ ನಡೆಸಲು ಮನುಷ್ಯ ಕಲಿತದ್ದು ಎರಡು ನೂರು ವರ್ಷಗಳಲ್ಲಿ, ಬಹುಪಾಲು ಅಪಘಾತಗಳ ಮೂಲಕ. ಬಟ್ಟೆ ಉದ್ಯಮದ ಚರಿತ್ರೆಯಲ್ಲಿ ಈ ಕಲಿಕೆಯ ಹೆಜ್ಜೆಗಳನ್ನು ಗುರುತಿಸುವುದು ಇಲ್ಲಿಯ ಉದ್ದೇಶ.

ಅಪಾಯ ಇರುವುದು ನೀರಿನಲ್ಲಿ

ಮೊದಲು ಸ್ವಲ್ಪ ಭೌತವಿಜ್ಞಾನ. ಸಮುದ್ರಮಟ್ಟದ ವಾತಾವರಣದ ಒತ್ತಡದಲ್ಲಿ ನೀರು 100° ಸೆ.ನಲ್ಲಿ ಕುದಿಯುತ್ತದೆ. ಆಗ ಒಂದು ಕಿಲೋಗ್ರಾಂ ನೀರು ಪೂರ್ತಿ ಹಬೆಯಾಗಲು ಸುಮಾರು 2257 ಕಿಲೋಜೂಲ್ ಗುಪ್ತೋಷ್ಣ ಬೇಕು. ಹಬೆಯಾದಾಗ ಅದರ ಗಾತ್ರ ಸುಮಾರು 1600 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದಂತೆ ಕುದಿಬಿಂದುವೂ ಏರುತ್ತದೆ. ವಾತಾವರಣದ ಒತ್ತಡದ ಹತ್ತರಷ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 180° ಸೆ.ನಲ್ಲಿ.

ಇಂಥ ಒಂದು ಬಾಯ್ಲರಿನಲ್ಲಿ 1000 ಕಿಲೋಗ್ರಾಂ ನೀರಿದೆ ಎನ್ನೋಣ. ಉಕ್ಕಿನ ತಗಡು ಹಠಾತ್ತನೆ ಬಿರಿದರೆ ಏನಾಗುತ್ತದೆ? ಒತ್ತಡ ಒಮ್ಮೆಲೇ ಇಳಿಯುತ್ತದೆ. 180° ಸೆ. ತಾಪದ ನೀರು ವಾತಾವರಣದ ಒತ್ತಡದಲ್ಲಿ ನೀರಾಗಿ ಉಳಿಯಲಾರದು. ಅದು 100° ಸೆ.ಗೆ ಇಳಿಯಬೇಕು. ಇಳಿಯುವಾಗ ಪ್ರತಿ ಕಿಲೋಗ್ರಾಂ ನೀರು ಸುಮಾರು 344 ಕಿಲೋಜೂಲ್ ಉಷ್ಣವನ್ನು ಬಿಟ್ಟುಕೊಡುತ್ತದೆ. ಈ ಉಷ್ಣ ಖರ್ಚಾಗುವುದು ನೀರಿನ ಒಂದು ಭಾಗವನ್ನು ಹಬೆ ಮಾಡಲು. 344ನ್ನು 2257ರಿಂದ ಭಾಗಿಸಿದರೆ ಸುಮಾರು 0.15. ಅಂದರೆ 150 ಕಿಲೋಗ್ರಾಂ ನೀರು ಕಣ್ಣುಮುಚ್ಚಿ ತೆರೆಯುವುದರೊಳಗೆ ಹಬೆಯಾಗುತ್ತದೆ. ಅದಕ್ಕೆ ಬೇಕಾದ ಜಾಗ ಸುಮಾರು 250 ಘನಮೀಟರ್. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ತರಗತಿ ಕೋಣೆಯ ಗಾತ್ರ 240 ಘನಮೀಟರ್. ಕ್ಷಣದಲ್ಲಿ ಇಷ್ಟು ಹಿಗ್ಗುವ ಹಬೆ ಗೋಡೆಯನ್ನೂ ಚಾವಣಿಯನ್ನೂ ತಳ್ಳಿಕೊಂಡು ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಬಾಯ್ಲರ್ ಸ್ಫೋಟ ಎಂದರೆ ಒಳಗಿನ ಹಬೆ ಹೊರಚಿಮ್ಮುವುದು ಎಂದೇ ಹಲವರ ಕಲ್ಪನೆ. ಈ ಲೆಕ್ಕ ಬೇರೆ ಹೇಳುತ್ತದೆ. ದೊಡ್ಡ ವಿನಾಶಕ್ಕೆ ಕಾರಣ ಆಗಲೇ ಇರುವ ಹಬೆಗಿಂತ ಹೆಚ್ಚಾಗಿ, ಹಬೆಯಾಗಲು ಕಾದು ಕುಳಿತ ನೀರು. ಒಳಗೆ ಬಿಸಿನೀರು ಎಷ್ಟು ಹೆಚ್ಚೋ ಅಪಾಯ ಅಷ್ಟು ದೊಡ್ಡದು. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಮುಂದಿನ ಚರಿತ್ರೆಯ ಎಷ್ಟೋ ತಿರುವುಗಳು ತಾವಾಗಿ ಅರ್ಥವಾಗುತ್ತವೆ.

ಕವಾಟ ಬಂತು, ಕಾವಲುಗಾರ ಎಲ್ಲಿ?

ಸುರಕ್ಷಾ ಕವಾಟ ಕೈಗಾರಿಕಾ ಕ್ರಾಂತಿಗಿಂತ ಹಳೆಯದು. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೆನಿ ಪಾಪಾಂ 1680ರ ಸುಮಾರಿಗೆ ಮೂಳೆಯನ್ನೂ ಬೇಯಿಸಿ ಮೆತ್ತಗೆ ಮಾಡುವ ಒತ್ತಡದ ಪಾತ್ರೆ ಮಾಡಿದ. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ, ತೂಕ ಕಟ್ಟಿದ ಕವಾಟವನ್ನು ಅದಕ್ಕೆ ಜೋಡಿಸಿದ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ಮೂಲಪುರುಷ ಅದು.

ಜೇಮ್ಸ್ ವಾಟ್‌ನ ಯಂತ್ರಗಳು ಬಳಸಿದ್ದು ವಾತಾವರಣಕ್ಕಿಂತ ತುಸುವೇ ಹೆಚ್ಚಿನ ಒತ್ತಡದ ಹಬೆಯನ್ನು. ಅಧಿಕ ಒತ್ತಡದ ಹಬೆಯನ್ನು ಆತ ನಂಬುತ್ತಿರಲಿಲ್ಲ. ಅದಕ್ಕೆ ಧೈರ್ಯ ಮಾಡಿದವನು ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್. 1803ರಲ್ಲಿ ಗ್ರೀನಿಚ್‌ನಲ್ಲಿ ಅವನ ಒಂದು ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದನಂತೆ. ಹಬೆಗೆ ಹೊರದಾರಿ ಬಿಡದೆ ಬೇರೊಬ್ಬ ಯಂತ್ರವನ್ನು ನಿಲ್ಲಿಸಿಬಿಟ್ಟ. ಈ ಘಟನೆಯಿಂದ ಟ್ರೆವಿಥಿಕ್ ಎರಡು ಪಾಠ ಕಲಿತ. ಒಂದು, ಕವಾಟ ಎರಡಿರಬೇಕು. ಕೆಲಸಗಾರನ ಕೈಗೆ ಸಿಗುವುದು ಒಂದೇ ಆಗಿರಬೇಕು. ಎರಡು, ನೀರಿನ ಮಟ್ಟ ಇಳಿದು ಕುಲುಮೆಯ ತಗಡು ಬರಿದಾದರೆ ಮನುಷ್ಯರ ನೆರವಿಲ್ಲದೆ ಬೆಂಕಿ ಆರಬೇಕು. ಇದಕ್ಕಾಗಿ ಸೀಸದ ಬಿರಡೆಯೊಂದನ್ನು ತಗಡಿನಲ್ಲಿ ಕೂರಿಸಿದ. ಅದರ ಮೇಲೆ ನೀರಿರುವವರೆಗೆ ಸೀಸ ಕರಗದು. ನೀರು ಇಳಿದರೆ ಕರಗಿ, ತೂತಿನಿಂದ ಹಬೆ ನುಗ್ಗಿ ಬೆಂಕಿಯನ್ನು ನಂದಿಸುತ್ತದೆ. ಕರಗುವ ಬಿರಡೆ ಇಂದಿಗೂ ಎಷ್ಟೋ ಬಾಯ್ಲರುಗಳಲ್ಲಿ ಉಂಟು.

ಆದರೂ ಸ್ಫೋಟಗಳು ನಿಲ್ಲಲಿಲ್ಲ. ಅವು ಏಕೆ ಆಗುತ್ತವೆ ಎಂಬುದರ ಬಗ್ಗೆ ವಿಚಿತ್ರ ವಿವರಣೆಗಳಿದ್ದವು. ಕೆಂಪಗೆ ಕಾದ ಕಬ್ಬಿಣಕ್ಕೆ ನೀರು ತಗುಲಿದಾಗ ಹೈಡ್ರೊಜನ್ ಹುಟ್ಟಿ ಅದು ಸಿಡಿಯುತ್ತದೆ ಎಂಬುದು ಅವುಗಳಲ್ಲೊಂದು. ಇದನ್ನು ನಂಬಿದರೆ ಸ್ಫೋಟ ಯಾರ ತಪ್ಪೂ ಅಲ್ಲದ ಆಕಸ್ಮಿಕವಾಗುತ್ತದೆ. 1830ರಿಂದ ಕೆಲವು ವರ್ಷ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆ ಅಮೆರಿಕ ಸರ್ಕಾರದ ಹಣದಿಂದ ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದಿತು. ನಿಗೂಢ ಅನಿಲದ ವಾದ ನಿಲ್ಲಲಿಲ್ಲ. ನೀರಿನ ಕೊರತೆ, ಮಿತಿಮೀರಿದ ಒತ್ತಡ, ಕಳಪೆ ತಗಡು, ಕೆಟ್ಟ ಉಪಕರಣ, ಅಜಾಗರೂಕತೆ ಎಂಬ ನೆಲದ ಮೇಲಿನ ಕಾರಣಗಳು ಉಳಿದವು. ಕಾರಣ ತಿಳಿದ ಮೇಲೆ ಹೊಣೆಯನ್ನೂ ಗುರುತಿಸಬಹುದಾಯಿತು. ವಿಜ್ಞಾನ ಸಮಾಜಕ್ಕೆ ಮಾಡುವ ಉಪಕಾರಗಳಲ್ಲಿ ಇದೂ ಒಂದು.

ಮ್ಯಾಂಚೆಸ್ಟರಿನಿಂದ ಕಲ್ಕತ್ತೆಗೆ

ಹತ್ತಿಗಿರಣಿಗಳ ತವರಾದ ಮ್ಯಾಂಚೆಸ್ಟರಿನಲ್ಲಿ 1844ರಲ್ಲಿ ವಿಲಿಯಂ ಫೇರ್‌ಬೇರ್ನ್ ಮತ್ತು ಜಾನ್ ಹೆದರಿಂಗ್ಟನ್ ಲ್ಯಾಂಕಷೈರ್ ಬಾಯ್ಲರಿಗೆ ಪೇಟೆಂಟ್ ಪಡೆದರು. ಅಡ್ಡ ಮಲಗಿಸಿದ ದೊಡ್ಡ ಪೀಪಾಯಿ, ಅದರೊಳಗೆ ಬೆಂಕಿ ಹರಿಯುವ ಎರಡು ಕೊಳವೆಗಳು. ಜಗತ್ತಿನ ಬಟ್ಟೆ ಗಿರಣಿಗಳನ್ನು ನೂರು ವರ್ಷ ನಡೆಸಿದ ವಿನ್ಯಾಸ ಇದು. ಗಟ್ಟಿ, ಸರಳ, ಸೌದೆಯನ್ನೂ ಕಲ್ಲಿದ್ದಲನ್ನೂ ಉಣ್ಣಬಲ್ಲದು. ಆದರೆ ಒಂದು ದೊಡ್ಡ ಲ್ಯಾಂಕಷೈರ್ ಬಾಯ್ಲರ್ ಹತ್ತು ಸಾವಿರ ಲೀಟರಿಗೂ ಮಿಕ್ಕಿ ನೀರನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಮೇಲಿನ ಲೆಕ್ಕವನ್ನು ಹತ್ತರಿಂದ ಗುಣಿಸಿ ನೋಡಿ.

ಸಾಲುಸಾಲು ಸ್ಫೋಟಗಳ ನಂತರ 1854ರಲ್ಲಿ ಫೇರ್‌ಬೇರ್ನ್ ಮೊದಲಾದವರು ಮ್ಯಾಂಚೆಸ್ಟರಿನ ಹಬೆ ಬಳಕೆದಾರರ ಸಂಘ ಕಟ್ಟಿದರು. ಸಂಘದ ಪರೀಕ್ಷಕರು ಸದಸ್ಯರ ಬಾಯ್ಲರುಗಳನ್ನು ಒಳಹೊಕ್ಕು ನೋಡುತ್ತಿದ್ದರು. ಹೊರಗಿನವನೊಬ್ಬ, ಮಾಲೀಕನಿಗೂ ತಯಾರಕನಿಗೂ ಸೇರದವನೊಬ್ಬ, ನಿಯಮಿತವಾಗಿ ಪರೀಕ್ಷಿಸಬೇಕು ಎಂಬ ತತ್ತ್ವ ಇಲ್ಲಿ ಬೇರೂರಿತು.

ಭಾರತದಲ್ಲಿ ಈ ತತ್ತ್ವ ಕಾನೂನಾದದ್ದೂ ಸಾವಿನ ನಂತರವೇ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದ ಶಾಸನಸಭೆ ಹಬೆ ಬಾಯ್ಲರುಗಳ ಪರೀಕ್ಷೆಗೆಂದು ಕಾಯ್ದೆ ಮಾಡಿತು. ಬೇರೆ ಪ್ರಾಂತಗಳೂ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಕೊನೆಗೆ ಏಳು ಕಾಯ್ದೆಗಳು, ಏಳು ಆಡಳಿತಗಳು. ಒಂದು ಪ್ರಾಂತದಲ್ಲಿ ಒಪ್ಪಿಗೆಯಾದ ಬಾಯ್ಲರ್ ಇನ್ನೊಂದರಲ್ಲಿ ನಪಾಸಾಗುತ್ತಿತ್ತು. 1920ರಲ್ಲಿ ನೇಮಕವಾದ ಸಮಿತಿ ಇದನ್ನು ಪರಿಶೀಲಿಸಿತು. ಅದರ ಫಲ 1923ರ ಭಾರತೀಯ ಬಾಯ್ಲರುಗಳ ಕಾಯ್ದೆ. ಅದು 1924ರ ಜನವರಿ 1ರಿಂದ ಜಾರಿಗೆ ಬಂತು. 1950ರಲ್ಲಿ ಭಾರತೀಯ ಬಾಯ್ಲರ್ ನಿಯಮಾವಳಿ ಬಂದು, ತಗಡಿನ ದಪ್ಪದಿಂದ ಹಿಡಿದು ಬೆಸುಗೆಯ ಪರೀಕ್ಷೆಯವರೆಗೆ ಎಲ್ಲವನ್ನೂ ಬರೆದಿಟ್ಟಿತು.

ಇದೇ ಕಾಲದಲ್ಲಿ ಅಮೆರಿಕದಲ್ಲೂ ಅಂಥದೇ ಕಥೆ. 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸಿನ ಬ್ರಾಕ್ಟನ್ ಊರಿನ ಗ್ರೋವರ್ ಪಾದರಕ್ಷೆ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತರು. ಸಿಡಿದದ್ದು ದಿನವೂ ಉರಿಯುತ್ತಿದ್ದ ಬಾಯ್ಲರ್ ಅಲ್ಲ. ಹೊಸದರ ದುರಸ್ತಿ ನಡೆಯುತ್ತಿದ್ದುದರಿಂದ ಆ ದಿನಕ್ಕೆಂದು ಹೊತ್ತಿಸಿದ ಹಳೆಯ ಬಾಯ್ಲರ್. ಅದರ ತಗಡುಗಳ ಅಂಚು ಒಂದರ ಮೇಲೊಂದು ಕೂತ ಜಾಗದಲ್ಲಿ ಹೊರಗಣ್ಣಿಗೆ ಕಾಣದ ಬಿರುಕಿತ್ತು. 1907ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಅಲ್ಲಿಯ ಯಂತ್ರಶಿಲ್ಪಿಗಳ ಸಂಘ 1914ರಲ್ಲಿ ಸಿದ್ಧಪಡಿಸಿದ ಬಾಯ್ಲರ್ ಸಂಹಿತೆ ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು.

ಕನ್ನಡ ನಾಡಿನ ಗಿರಣಿಗಳು

ನಮ್ಮ ನಾಡಿನಲ್ಲಿ ಬಟ್ಟೆಗೂ ಬಿಸಿನೀರಿಗೂ ಇರುವ ನಂಟು ಗಿರಣಿಗಳಿಗಿಂತ ಬಹಳ ಹಿಂದಿನದು. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಕೊಪ್ಪಳದ ಪಕ್ಕದ ಭಾಗ್ಯನಗರದಂಥ ನೇಕಾರರ ಊರುಗಳಲ್ಲಿ ಹಾಸಿನ ನೂಲಿಗೆ ಗಂಜಿ ಹಾಕಲು, ಬಣ್ಣ ಕಟ್ಟಲು ಒಲೆಯ ಮೇಲೆ ಹಂಡೆ ಏರಲೇಬೇಕಿತ್ತು. ಹಂಡೆಗೆ ಬಾಯಿ ತೆರೆದಿರುವುದರಿಂದ ಅದು ಉಕ್ಕೀತು, ಸುಟ್ಟೀತು, ಆದರೆ ಸಿಡಿಯದು. ಅದನ್ನು ಮುಚ್ಚಿ ಒತ್ತಡದ ಪಾತ್ರೆ ಮಾಡಿದ್ದು ಗಿರಣಿ ಯುಗ.

1880ರ ದಶಕದಲ್ಲಿ ಬೆಂಗಳೂರು, ಕಲಬುರಗಿ, ಗೋಕಾಕಗಳಲ್ಲಿ ದೊಡ್ಡ ಗಿರಣಿಗಳು ತಲೆಯೆತ್ತಿದವು. ಬೆಂಗಳೂರಿನ ಒಂದು ಗಿರಣಿ ಮುಂದೆ ಬಿನ್ನಿ ಹೆಸರಿನಿಂದ ಮನೆಮಾತಾಯಿತು. ಕಲಬುರಗಿಯ ಮಹಬೂಬ್ ಶಾಹಿ ಗಿರಣಿ ಎಂ.ಎಸ್.ಕೆ. ಮಿಲ್ ಎಂದು ಹೆಸರಾಯಿತು. ಗೋಕಾಕದ್ದು ಇವಕ್ಕಿಂತ ಬೇರೆ ದಾರಿ. 1887ರಲ್ಲಿ ಕೆಲಸ ಶುರುಮಾಡಿದ ಅದು ಘಟಪ್ರಭೆಯ ಜಲಪಾತದ ಬಲದಿಂದಲೇ ಟರ್ಬೈನ್ ತಿರುಗಿಸಿತು. ಸುಮಾರು 52 ಮೀಟರ್ ಎತ್ತರದಿಂದ ಬೀಳುವ ನೀರು ಕೈಯಲ್ಲಿರುವಾಗ ಯಂತ್ರ ತಿರುಗಿಸಲೆಂದು ನೀರನ್ನು ಕುದಿಸಬೇಕಾದ ಅಗತ್ಯವಿರಲಿಲ್ಲ. ಸುಸ್ಥಿರ ಇಂಧನ ಎಂಬ ಮಾತು ಹುಟ್ಟುವ ಮೊದಲೇ ಅದರ ಉದಾಹರಣೆ ನಮ್ಮಲ್ಲಿತ್ತು ಎಂದರೆ ತಪ್ಪಾಗಲಾರದು.

ಮೈಸೂರು ಸೀಮೆಗೆ ಆ ಭಾಗ್ಯ ಬಂದದ್ದು ತುಸು ತಡವಾಗಿ. ಇಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಹಬೆಗೆ ಕಾಡಿನ ಸೌದೆ ಬೇಕು, ಇಲ್ಲವೆ ದೂರದಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹರಿದಾಗ ಚಿತ್ರ ಬದಲಾಗತೊಡಗಿತು. ಮಗ್ಗ ತಿರುಗಿಸಲು ವಿದ್ಯುತ್ ಮೋಟಾರು ಬಂದ ಮೇಲೆ ಹಬೆಯಂತ್ರಕ್ಕೆ ಕೆಲಸವಿಲ್ಲ.

ಹಬೆಯಂತ್ರ ಹೋಯಿತು, ಬಾಯ್ಲರ್ ಹೋಗಲಿಲ್ಲ. ನೂಲಿಗೆ ಹಚ್ಚುವ ಗಂಜಿ ಬೇಯಬೇಕು, ಬಣ್ಣದ ತೊಟ್ಟಿ ಕಾಯಬೇಕು, ನೇಯ್ದ ಬಟ್ಟೆ ಒಣಗಬೇಕು. ರೇಷ್ಮೆಯ ಊರುಗಳಲ್ಲಿ ಗೂಡು ಬೇಯಬೇಕು. ಇವೆಲ್ಲಕ್ಕೂ ಬೇಕಾದದ್ದು ತಿರುಗುವ ಶಕ್ತಿಯಲ್ಲ, ಸಮನಾದ ಶಾಖ. ತನ್ನ ಗುಪ್ತೋಷ್ಣವನ್ನು ಒಂದೇ ತಾಪದಲ್ಲಿ ಬಿಟ್ಟುಕೊಡುವ ಹಬೆಗೆ ಈ ಕೆಲಸದಲ್ಲಿ ಸಾಟಿಯಿಲ್ಲ.

ಈ ಬದಲಾವಣೆಗೆ ಇನ್ನೊಂದು ಮುಖವಿದೆ. ಹಬೆಯಂತ್ರದ ಕಾಲದಲ್ಲಿ ಬಾಯ್ಲರ್ ಗಿರಣಿಯ ಹೃದಯ. ಅದು ನಿಂತರೆ ಗಿರಣಿಯೇ ನಿಂತಿತು. ಆದ್ದರಿಂದ ಮುಖ್ಯ ಎಂಜಿನಿಯರನ ಕಣ್ಣು ಸದಾ ಅದರ ಮೇಲೆ. ವಿದ್ಯುತ್ತು ಬಂದ ಮೇಲೆ ಬಾಯ್ಲರ್ ಹಿತ್ತಲಿನ ಶೆಡ್ಡಿಗೆ ಸರಿಯಿತು. ಅದು ಅಡುಗೆಯ ಒಲೆಯಂತೆ ಬೇಕೇ ಬೇಕಾದ, ಆದರೆ ಯಾರೂ ಹೊರಳಿ ನೋಡದ ವಸ್ತುವಾಯಿತು. ಬಟ್ಟೆ ಕಾರ್ಖಾನೆಗಳ ಇಂದಿನ ಬಾಯ್ಲರ್ ಸಮಸ್ಯೆಯ ಬೇರು ಬಹುಮಟ್ಟಿಗೆ ಈ ಸ್ಥಾನಪಲ್ಲಟದಲ್ಲಿದೆ.

ಸಿದ್ಧ ಉಡುಪಿನ ಕಾಲ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ಬೆಂಗಳೂರು ಸಿದ್ಧ ಉಡುಪಿನ ಊರಾಯಿತು. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಉಡುಪು ಕಾರ್ಖಾನೆಗೆ ಬೇಕಾದ ಹಬೆ ಹೆಚ್ಚಲ್ಲ. ಇಸ್ತ್ರಿಗೆ ಮೂರು ನಾಲ್ಕು ಕಿಲೋಗ್ರಾಂ ಒತ್ತಡದ ಹಬೆ ಸಾಕು. ಪಾಲಿಯೆಸ್ಟರಿಗೆ ಬಣ್ಣ ಹಾಕುವಲ್ಲಿ ಮಾತ್ರ ತೊಟ್ಟಿಯೇ ಒತ್ತಡದ ಪಾತ್ರೆಯಾಗಿ ಸುಮಾರು 130° ಸೆ.ವರೆಗೆ ಕಾಯುತ್ತದೆ. ಹೀಗಾಗಿ ಸಣ್ಣ ಬಾಯ್ಲರುಗಳು, ಸುರುಳಿ ಕೊಳವೆಯೊಳಗೆ ಸ್ವಲ್ಪವೇ ನೀರು ಹರಿದು ಹಬೆಯಾಗುವ ಬಾಯ್ಲರುಗಳು, ವಿದ್ಯುತ್ ಬಾಯ್ಲರುಗಳು ಬಂದವು.

1923ರ ಕಾಯ್ದೆಯ ವ್ಯಾಪ್ತಿಗೆ ಬರಲು ಬಾಯ್ಲರಿಗೆ ಒಂದು ಕನಿಷ್ಠ ಗಾತ್ರವಿತ್ತು. 2007ರ ತಿದ್ದುಪಡಿ ಅದನ್ನು 25 ಲೀಟರ್ ಎಂದು ನಿಗದಿಮಾಡಿತು. ಅದಕ್ಕಿಂತ ಕಿರಿದಾದದ್ದು ಕಾನೂನಿನ ಕಣ್ಣಿನಲ್ಲಿ ಬಾಯ್ಲರೇ ಅಲ್ಲ. ಇದರ ಹಿಂದೆ ಭೌತವಿಜ್ಞಾನದ ತರ್ಕವಿದೆ. 25 ಲೀಟರ್ ನೀರು 180° ಸೆ.ನಿಂದ ಹಠಾತ್ತನೆ ಒತ್ತಡ ಕಳೆದುಕೊಂಡರೆ ಹುಟ್ಟುವ ಹಬೆ ನಾಲ್ಕು ಕಿಲೋಗ್ರಾಮಿಗೂ ಕಡಿಮೆ. ಕಟ್ಟಡ ಉರುಳದು. ಆದರೆ ನಾಲ್ಕು ಕಿಲೋಗ್ರಾಂ ಹಬೆ ಆರು ಘನಮೀಟರ್ ಜಾಗ ತುಂಬುತ್ತದೆ. ಎರಡು ಗಜ ದೂರದಲ್ಲಿ ಇಸ್ತ್ರಿ ಮಾಡುತ್ತ ನಿಂತವರ ಪಾಲಿಗೆ ಅದು ಸಣ್ಣದಲ್ಲ. ಕಾಯ್ದೆಯ ಹೊರಗಿದೆ ಎಂದರೆ ಸರ್ಕಾರದ ಪರೀಕ್ಷಕ ಬರುವುದಿಲ್ಲ ಎಂದಷ್ಟೇ ಅರ್ಥ. ಅಪಾಯದ ಹೊರಗಿದೆ ಎಂದಲ್ಲ.

ಗಮನ ಬೇರೆಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಬಾಂಗ್ಲಾದೇಶದ ಅನುಭವವಿದೆ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1100ಕ್ಕೂ ಹೆಚ್ಚು ಉಡುಪು ಕಾರ್ಮಿಕರು ಸತ್ತರು. ಜಗತ್ತೇ ಬೆಚ್ಚಿತು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳೂ ಕಾರ್ಮಿಕ ಸಂಘಗಳೂ ಒಪ್ಪಂದ ಮಾಡಿಕೊಂಡು ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ಪರೀಕ್ಷೆ ನಡೆಸಿದವು. ಕಟ್ಟಡ ನೋಡಿದರು, ವಿದ್ಯುತ್ ತಂತಿ ನೋಡಿದರು, ಬೆಂಕಿಯ ಅಪಾಯ ನೋಡಿದರು. ಆದರೆ ಬಾಯ್ಲರ್ ಆ ಪರೀಕ್ಷೆಯ ಪಟ್ಟಿಯಲ್ಲಿರಲಿಲ್ಲ. 2017ರ ಜುಲೈ 3ರಂದು ಗಾಜೀಪುರದ ಮಲ್ಟಿಫ್ಯಾಬ್ಸ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಕನಿಷ್ಠ 13 ಮಂದಿ ಸತ್ತರು. ಈದ್ ರಜೆ ಮುಗಿದು ಕಾರ್ಖಾನೆ ಮತ್ತೆ ತೆರೆಯುವ ಸಿದ್ಧತೆಯಲ್ಲಿದ್ದ ಹೊತ್ತು ಅದು. ಬಾಯ್ಲರಿನ ಪರವಾನಗಿಯ ಅವಧಿ ಅದಕ್ಕೆ ಕೆಲವೇ ದಿನಗಳ ಹಿಂದೆ ಮುಗಿದಿತ್ತೆಂದು ವರದಿಯಾಯಿತು. ಇದಾದ ಮೇಲೆ ಬಾಯ್ಲರ್ ಪರೀಕ್ಷೆಯೂ ಆ ಒಪ್ಪಂದದ ಕೆಲಸಕ್ಕೆ ಸೇರಿತು. ಬ್ರಾಕ್ಟನ್ ದುರಂತಕ್ಕೂ ಇದಕ್ಕೂ ಸಾಮ್ಯ ಕಾಣುವುದಿಲ್ಲವೆ? ಎರಡು ಕಡೆಯೂ ಬಾಯ್ಲರ್ ದಿನದ ಓಟದಲ್ಲಿರಲಿಲ್ಲ. ನಿಂತಿದ್ದ ಬಾಯ್ಲರನ್ನು ಮತ್ತೆ ಹೊತ್ತಿಸುವ ಹೊತ್ತಿಗೆ ಎಚ್ಚರ ಇಮ್ಮಡಿಯಾಗಬೇಕು.

ಕಾವಲಿನ ನಾಲ್ಕು ಕಣ್ಣುಗಳು

ಬಾಯ್ಲರ್ ನಡೆಸುವವನು ದಿನವೂ ನೋಡಬೇಕಾದವು ಬಹಳವಿಲ್ಲ. ಆದರೆ ಒಂದನ್ನೂ ಬಿಡುವಂತಿಲ್ಲ.

ಮೊದಲನೆಯದು ನೀರಿನ ಮಟ್ಟ. ಮಟ್ಟ ತೋರುವ ಗಾಜಿನ ನಳಿಗೆಯನ್ನು ಪ್ರತಿ ಪಾಳಿಯಲ್ಲೂ ಹಬೆ ಬಿಟ್ಟು ತೊಳೆಯಬೇಕು. ಕಸ ಕಟ್ಟಿದ ನಳಿಗೆ ಸುಳ್ಳು ಹೇಳುತ್ತದೆ. ನೀರಿನಡಿ ಇರುವವರೆಗೆ ತಗಡಿನ ತಾಪ ನೀರಿನ ತಾಪಕ್ಕಿಂತ ಬಹಳ ಮೇಲೇರದು. ನೀರು ಇಳಿದರೆ ನಿಮಿಷಗಳಲ್ಲಿ ಅದು ಕೆಂಪಗಾಗಿ ಬಲ ಕಳೆದುಕೊಳ್ಳುತ್ತದೆ. ಮಟ್ಟ ಕಾಣದಾದಾಗ ಗಾಬರಿಯಿಂದ ತಣ್ಣೀರು ತುಂಬುವುದು ಅತ್ಯಂತ ಅಪಾಯದ ತಪ್ಪು. ಮೊದಲು ಬೆಂಕಿ ಆರಿಸಬೇಕು.

ಎರಡನೆಯದು ಸುರಕ್ಷಾ ಕವಾಟ. ಅದು ಆಗಾಗ ಹಬೆ ಬಿಟ್ಟು ಇಂಧನ ಹಾಳುಮಾಡುತ್ತದೆಂದು ತೂಕ ಹೇರುವುದು, ತಂತಿ ಬಿಗಿಯುವುದು 1803ರ ಕಾಲದಷ್ಟೇ ಹಳೆಯ ಚಟ. ಏಳು ಕಿಲೋಗ್ರಾಂ ಒತ್ತಡವೆಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಏಳು ಕಿಲೋಗ್ರಾಂ ಭಾರ. ಒಂದು ಚದರ ಮೀಟರ್ ತಗಡಿನ ಮೇಲೆ ಅದು 70 ಟನ್. ಆ ತಗಡು ಇದಕ್ಕಿಂತ ಎಷ್ಟು ಹೆಚ್ಚು ತಾಳೀತು ಎಂದು ತಂತಿ ಬಿಗಿಯುವವನಿಗೆ ಗೊತ್ತಿರುವುದಿಲ್ಲ.

ಮೂರನೆಯದು ನೀರಿನ ಗುಣ. ನಮ್ಮ ಒಣನಾಡಿನ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಗೆ ಹೆಪ್ಪುಗಟ್ಟಿ ಕೊಳವೆಗಳಿಗೆ ಹಕ್ಕಳೆ ಕಟ್ಟುತ್ತವೆ. ಹಕ್ಕಳೆ ಉಷ್ಣವನ್ನು ಉಕ್ಕಿಗಿಂತ ಇಪ್ಪತ್ತು ಮೂವತ್ತು ಪಟ್ಟು ಕಡಿಮೆ ಒಯ್ಯುತ್ತದೆ. ಬೆಂಕಿಯ ಬಿಸಿ ನೀರಿಗೆ ದಾಟದೆ ತಗಡಿನಲ್ಲೇ ನಿಲ್ಲುತ್ತದೆ. ಒಂದೆಡೆ ಇಂಧನ ಪೋಲು, ಇನ್ನೊಂದೆಡೆ ತಗಡಿಗೆ ಅತಿತಾಪ.

ನಾಲ್ಕನೆಯದು ವಾರ್ಷಿಕ ಪರೀಕ್ಷೆ. ಬಾಯ್ಲರಿಗೆ ಸಾಮಾನ್ಯವಾಗಿ 12 ತಿಂಗಳಿಗೆ ಪ್ರಮಾಣಪತ್ರ ಕೊಡುತ್ತಾರೆ. ಪರೀಕ್ಷೆಯಲ್ಲಿ ತಣ್ಣೀರು ತುಂಬಿ, ದಿನಬಳಕೆಗಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುವುದುಂಟು. ಹಬೆಯಿಂದಲೇ ಏಕೆ ಪರೀಕ್ಷಿಸಬಾರದು? ತಣ್ಣೀರನ್ನು ಒತ್ತಿದರೆ ಅದು ಬಹಳ ಕುಗ್ಗುವುದಿಲ್ಲ. ಆದ್ದರಿಂದ ಅದರಲ್ಲಿ ಕೂಡಿಡುವ ಶಕ್ತಿ ಅತ್ಯಲ್ಪ. ತಗಡು ಬಿರಿದರೂ ನೀರು ಸೋರುತ್ತದೆ, ಸಿಡಿಯುವುದಿಲ್ಲ. ಮೇಲೆ ಮಾಡಿದ ಲೆಕ್ಕಕ್ಕೆ ಇದು ಸೊಗಸಾದ ಪುರಾವೆ.

ಸುರಕ್ಷತೆ ಮತ್ತು ಮಿತವ್ಯಯ ಬೇರೆಯಲ್ಲ

ಬಾಯ್ಲರಿನ ಸುಸ್ಥಿರತೆ ಎಂದ ಕೂಡಲೇ ಇಂಧನ ಬದಲಾಯಿಸುವ ಮಾತು ಬರುತ್ತದೆ. ಸೌದೆ, ಕಲ್ಲಿದ್ದಲು ಬಿಟ್ಟು ಕೃಷಿತ್ಯಾಜ್ಯ ಉರಿಸಬೇಕೆಂಬುದು ಒಳ್ಳೆಯ ಸಲಹೆಯೇ. ಗಂಗಾವತಿ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಒಂದು ಕಿಲೋಗ್ರಾಂ ಹೊಟ್ಟು ಉರಿದರೆ 3000 ಕಿಲೋಕ್ಯಾಲೊರಿಯ ಆಸುಪಾಸು ಉಷ್ಣ. ಆದರೆ ಉರಿದ ಮೇಲೆ ಅದರ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ಬಹುಭಾಗ ಸಿಲಿಕಾ. ಅದು ಕೊಳವೆಗಳನ್ನು ಸವೆಸುತ್ತದೆ. ಧೂಳು ಹಿಡಿಯುವ ಸಾಧನವಿಲ್ಲದ ಚಿಮಣಿಯಿಂದ ಹಾರಿ ಊರ ಮಾಳಿಗೆಗಳ ಮೇಲೆ, ಉಸಿರಿನೊಳಗೆ ಕೂರುತ್ತದೆ. ಬೇರೊಂದು ಇಂಧನಕ್ಕೆಂದು ಕಟ್ಟಿದ ಕುಲುಮೆಗೆ ಹೊಟ್ಟು ಸುರಿದರೆ ಅರೆಬೆಂದ ಹೊಗೆ ಮಾತ್ರ ಹೆಚ್ಚೀತು. ಇಂಧನ ಬದಲಾದರೆ ಕುಲುಮೆ, ಗಾಳಿಯ ಅಳತೆ, ನಡೆಸುವವನ ತರಬೇತಿ ಎಲ್ಲವೂ ಬದಲಾಗಬೇಕು.

ಅದಕ್ಕೂ ಮುಂಚೆ ಮಾಡಬಹುದಾದ ಉಳಿತಾಯಗಳಿವೆ. ಇಸ್ತ್ರಿ ಮೇಜಿನಿಂದ ಹಿಂದಿರುಗುವ ನೀರು ಬಿಸಿಯಾಗಿಯೂ ಲವಣರಹಿತವಾಗಿಯೂ ಇರುತ್ತದೆ. ಅದನ್ನು ಚರಂಡಿಗೆ ಬಿಡದೆ ಬಾಯ್ಲರಿಗೆ ಮರಳಿಸಿದರೆ ಇಂಧನವೂ ಉಳಿದೀತು, ಹಕ್ಕಳೆಯೂ ತಗ್ಗೀತು. ಬಾಯ್ಲರಿಗೆ ಸೇರುವ ನೀರಿನ ತಾಪ 6° ಸೆ. ಏರಿದರೆ ಇಂಧನ ಸುಮಾರು ಶೇಕಡಾ 1ರಷ್ಟು ಉಳಿಯುತ್ತದೆ. ಏಳು ಕಿಲೋಗ್ರಾಂ ಒತ್ತಡದ ಕೊಳವೆಯಲ್ಲಿ ಮೂರು ಮಿಲಿಮೀಟರಿನ ತೂತಿದ್ದರೆ ಗಂಟೆಗೆ ಸುಮಾರು 30 ಕಿಲೋಗ್ರಾಂ ಹಬೆ ಸೋರುತ್ತದೆ. ಅಷ್ಟು ಹಬೆಗೆ ಸುಮಾರು ಹತ್ತು ಕಿಲೋಗ್ರಾಂ ಹೊಟ್ಟು ಬೇಕು. ಹಗಲಿರುಳು ನಡೆಯುವ ಕಾರ್ಖಾನೆಯಲ್ಲಿ ದಿನಕ್ಕೆ ಎರಡೂವರೆ ಕ್ವಿಂಟಲಿಗೆ ಸಮೀಪ. ಇಲ್ಲಿ ಗಮನಿಸಬೇಕಾದ ಅಂಶವಿದೆ. ಹಕ್ಕಳೆ ಕಟ್ಟದಿರುವುದು, ಸೋರಿಕೆ ನಿಲ್ಲಿಸುವುದು, ಗಾಳಿಯನ್ನು ಅಳತೆಯಾಗಿ ಕೊಡುವುದು, ಮಾಪಕಗಳನ್ನು ಸುಸ್ಥಿತಿಯಲ್ಲಿಡುವುದು — ಇಂಧನ ಉಳಿಸುವ ಕ್ರಮಗಳೂ ಇವೇ, ಜೀವ ಉಳಿಸುವ ಕ್ರಮಗಳೂ ಇವೇ.

ಹೊಸ ಕಾಯ್ದೆ, ಹಳೆಯ ಹೊಣೆ

1923ರ ಕಾಯ್ದೆ ನೂರು ವರ್ಷ ದಾಟಿ ಬಾಳಿತು. 2025ರಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಬಾಯ್ಲರುಗಳ ಕಾಯ್ದೆಯನ್ನು ಅಂಗೀಕರಿಸಿತು. ಏಳು ಅಪರಾಧಗಳಲ್ಲಿ ಜೀವಹಾನಿ, ಆಸ್ತಿಹಾನಿಗೆ ಎಡೆಮಾಡಬಲ್ಲ ನಾಲ್ಕಕ್ಕೆ ಮಾತ್ರ ಅದು ಕ್ರಿಮಿನಲ್ ಶಿಕ್ಷೆ ಉಳಿಸಿ, ಮಿಕ್ಕವಕ್ಕೆ ಹಣದ ದಂಡ ಸಾಕೆಂದಿತು. ಉದ್ಯಮಕ್ಕೆ ಇದು ಅನುಕೂಲ. ಆದರೆ ಸಣ್ಣ ತಪ್ಪು, ದೊಡ್ಡ ತಪ್ಪು ಎಂಬ ಭೇದ ಕಾನೂನಿಗಿದ್ದಷ್ಟು ಸ್ಪಷ್ಟವಾಗಿ ಹಬೆಗಿಲ್ಲ. ಬ್ರಾಕ್ಟನ್ನಿನ ಬಿರುಕು ಸಣ್ಣದೇ ಆಗಿತ್ತು. ದಂಡ ಕಡಿಮೆಯಾದಷ್ಟೂ ತರಬೇತಿಯಾದ ಬಾಯ್ಲರ್ ಅಟೆಂಡೆಂಟನ ಕೆಲಸದ ಬೆಲೆ ಹೆಚ್ಚುತ್ತದೆ. ಆತನಿಗೆ ಪ್ರಮಾಣಪತ್ರವೊಂದೇ ಸಾಲದು. ‘ಇವತ್ತು ಹೊತ್ತಿಸುವುದು ಬೇಡ’ ಎಂದು ಹೇಳುವ ಅಧಿಕಾರವೂ, ಹೇಳಿದರೆ ಕೆಲಸ ಹೋಗದೆಂಬ ಭರವಸೆಯೂ ಬೇಕು. ಸಾಗಣೆಯ ಗಡುವು ತಲೆಯ ಮೇಲಿರುವ ಕಾರ್ಖಾನೆಯಲ್ಲಿ ಇದು ಸುಲಭವಲ್ಲ. ಚರಿತ್ರೆ ಹೇಳುವುದು ಮಾತ್ರ ಇದನ್ನೇ.

ಶಿಕ್ಷಕರಿಗೆ ಒಂದು ಸೂಚನೆ. ಗುಪ್ತೋಷ್ಣ, ಕುದಿಬಿಂದು, ನೀರಿನ ಗಡಸುತನ — ಈ ಪಾಠಗಳನ್ನು ಬೋಧಿಸುವಾಗ ತರಗತಿಯ ಕೋಣೆಯನ್ನೇ ಅಳೆಯಿಸಿ, ಅದನ್ನು ತುಂಬಲು ಎಷ್ಟು ಬಿಸಿನೀರು ಸಿಡಿಯಬೇಕೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಊರಿನ ಕೊಳವೆ ಬಾವಿಯ ನೀರು ಕಾಯಿಸುವ ಹಂಡೆಯ ತಳದಿಂದ ಹಕ್ಕಳೆ ಕೆರೆದು ತರಿಸಿ. ಅದಕ್ಕೆ ನಿಂಬೆರಸ ಹಾಕಿ ನೊರೆ ಬರುವುದನ್ನು ತೋರಿಸಿ. ಸಾಣಾಪುರದ ಶಾಲೆಯಲ್ಲಿ ಕೂತ ಹುಡುಗಿ ನಾಳೆ ಗಂಗಾವತಿಯ ಅಕ್ಕಿ ಗಿರಣಿಗೋ ಬಳ್ಳಾರಿಯ ಜೀನ್ಸ್ ಘಟಕಕ್ಕೋ ಬೆಂಗಳೂರಿನ ಉಡುಪು ಕಾರ್ಖಾನೆಗೋ ಕೆಲಸಕ್ಕೆ ಹೋದಾಳು. ಹಿತ್ತಲಿನ ಶೆಡ್ಡಿನಲ್ಲಿ ಉರಿಯುತ್ತಿರುವುದು ಏನು, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ಕೊನೆಯ ದಿನ ಯಾವುದು ಎಂದು ಆಕೆ ಕೇಳುವಂತಾದರೆ ಆ ಪಾಠ ಸಾರ್ಥಕ.